ಕಾರ್ ಪಾಲಿಶ್, ವ್ಯಾಕ್ಸ್‌ಗೆ ಯಾವ ಪ್ಯಾಡ್? ಬಳ್ಳಾರಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲೇ ಮಷಿನ್ ಇಟ್ಟುಕೊಂಡು ಕಾರು ಪಾಲಿಶ್ ಮಾಡುವವರಿಗೆ, ವಾಷಿಂಗ್ ಸೆಂಟರ್‌ನಲ್ಲಿ ಈ ಕೆಲಸ ಹೊಸದಾಗಿ ಶುರು ಮಾಡುವವರಿಗೆ ಈ ಉತ್ತರಗಳು. ಬೇರೆ ಊರಿನವರು ಹೇಳುವ ಸಲಹೆ ನಮ್ಮಲ್ಲಿ ಪೂರ್ತಿ ನಡೆಯುವುದಿಲ್ಲ. ಇಲ್ಲಿ ಅದಿರಿನ ಧೂಳಿದೆ, ಬೋರ್‌ವೆಲ್ಲಿನ ಗಡಸು ನೀರಿದೆ, ಏಪ್ರಿಲ್ ಬಂತೆಂದರೆ 40 ಡಿಗ್ರಿ ದಾಟುವ ಬಿಸಿಲಿದೆ. ಈ ಮೂರನ್ನೂ ಲೆಕ್ಕಕ್ಕೆ ಹಿಡಿದೇ ಪ್ಯಾಡ್, ಅಂದರೆ ಮಷಿನ್ನಿಗೆ ಅಂಟಿಸಿ ಪೇಂಟ್ ಉಜ್ಜುವ ದುಂಡನೆ ಮೆತ್ತೆ, ಆರಿಸಬೇಕು.

ಪಾಲಿಶ್ ಒಳ್ಳೇ ಕಂಪನಿಯದೇ ತಂದಿದ್ದೀನಿ. ಪ್ಯಾಡ್ ಯಾವುದಾದರೇನು?

ಒಂದೇ ಬಾಟಲಿಯ ಪಾಲಿಶ್ ತೆಗೆದುಕೊಳ್ಳಿ. ಉಣ್ಣೆ ಪ್ಯಾಡಿಗೆ ಹಾಕಿ ಉಜ್ಜಿದರೆ ಗೀರು ಹೋಗುತ್ತದೆ, ಆದರೆ ಮಬ್ಬು ಉಳಿಯುತ್ತದೆ. ಅದನ್ನೇ ಮೆತ್ತನೆ ಫೋಮ್ ಪ್ಯಾಡಿಗೆ ಹಾಕಿದರೆ ಹೊಳಪು ಬರುತ್ತದೆ, ಗೀರು ಹಾಗೇ ಇರುತ್ತದೆ. ಎಷ್ಟು ಕೊರೆಯಬೇಕು ಅನ್ನೋದನ್ನು ಬಾಟಲಿಗಿಂತ ಪ್ಯಾಡೇ ಜಾಸ್ತಿ ತೀರ್ಮಾನಿಸುತ್ತದೆ.

ಇನ್ನೊಂದು ಮಾತು. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಬಣ್ಣವಿಲ್ಲದ ಒಂದು ಪದರ ಇರುತ್ತದೆ, ಕ್ಲಿಯರ್ ಕೋಟ್. ಇದರ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್. ತಲೆಗೂದಲಿಗಿಂತ ತೆಳು. ಪಾಲಿಶ್ ಮಾಡುವುದು ಅಂದರೆ ಈ ಪದರವನ್ನೇ ಸ್ವಲ್ಪ ಸವೆಸುವುದು. ಸವೆದದ್ದು ಮತ್ತೆ ಬರುವುದಿಲ್ಲ. ಬಿಸಿಲನ್ನು ತಡೆಯುವ ಶಕ್ತಿಯೂ ಈ ಪದರದಲ್ಲೇ ಇದೆ. ಬಳ್ಳಾರಿ ಬಿಸಿಲಿನಲ್ಲಿ ಇದು ತೆಳುವಾದ ಕಾರಿನ ಬಾನೆಟ್, ಟಾಪು ಕೆಲವೇ ವರ್ಷದಲ್ಲಿ ಬಿಳಿಚಿಕೊಂಡು ಸಿಪ್ಪೆ ಏಳುತ್ತದೆ. ಹಾಗಾಗಿ ಗಟ್ಟಿ ಪ್ಯಾಡ್ ಕೈಗೆತ್ತಿಕೊಳ್ಳುವ ಮುಂಚೆ ಎರಡು ಸಲ ಯೋಚಿಸಿ.

ಕಾರು ತೊಳೆದಿದ್ದೀನಿ. ನೇರವಾಗಿ ಪ್ಯಾಡ್ ಇಡಬಹುದಾ?

ಬೇಡ. ನಮ್ಮಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ.

ಸಂಡೂರು, ದೋಣಿಮಲೈ, ತೋರಣಗಲ್ಲು ಕಡೆ ಓಡಾಡುವ ಕಾರಿನ ಹಿಂದಿನ ಬಾಗಿಲ ಕೆಳಭಾಗ ನೋಡಿ. ಶಾಂಪೂ ಹಾಕಿ ತೊಳೆದರೂ ಕೆಂಪು ಚುಕ್ಕೆಗಳು ಉಳಿದಿರುತ್ತವೆ. ಬಿಳಿ ಕಾರಲ್ಲಿ ಕಣ್ಣಿಗೆ ಕಾಣುತ್ತದೆ. ಕಪ್ಪು ಕಾರಲ್ಲಿ ಕೈಗೆ ಸಿಗುತ್ತದೆ: ತೆಳು ಪ್ಲಾಸ್ಟಿಕ್ ಕವರಿನೊಳಗೆ ಬೆರಳು ಹಾಕಿ ಸವರಿದರೆ ಉಪ್ಪು ಕಾಗದದ ಹಾಗೆ ಗರಗರ ಅನ್ನುತ್ತದೆ. ಇದು ಹೆಮಟೈಟ್, ಅಂದರೆ ಕಬ್ಬಿಣದ ಅದಿರು. ಮೋಸ್ ಅಳತೆಯಲ್ಲಿ ಇದರ ಗಡಸುತನ ಸುಮಾರು 5.5ರಿಂದ 6.5. ಕಿಟಕಿ ಗಾಜು ಕೂಡ ಹೆಚ್ಚುಕಡಿಮೆ 5.5. ಕ್ಲಿಯರ್ ಕೋಟ್ ಇದರ ಹತ್ತಿರಕ್ಕೂ ಬರುವುದಿಲ್ಲ. ಇಂಥ ಒಂದು ಕಣ ಪ್ಯಾಡಿನೊಳಗೆ ಸಿಕ್ಕಿಕೊಂಡರೆ ಎಂಥ ದುಬಾರಿ ಪ್ಯಾಡಾದರೂ ಗೀರು ತೆಗೆಯುವ ಬದಲು ಗೀರು ಎಳೆಯುತ್ತಾ ಹೋಗುತ್ತದೆ.

ತೊಳೆದ ಮೇಲೆ ಐರನ್ ರಿಮೂವರ್ ಸಿಂಪಡಿಸಿ. ಕಬ್ಬಿಣದ ಕಣ ಇರುವ ಕಡೆ ನೇರಳೆ ಬಣ್ಣ ಇಳಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಹೆದರಬೇಡಿ. ನೆರಳಲ್ಲೇ ಮಾಡಿ, ಒಣಗಲು ಬಿಡಬೇಡಿ, ಚೆನ್ನಾಗಿ ನೀರು ಹೊಡೆಯಿರಿ. ಆಮೇಲೆ ಕ್ಲೇ ಬಾರ್‌ಗೆ (ಪೇಂಟಿಗೆ ಅಂಟಿದ ಕಣ ಎತ್ತುವ, ಜೇಡಿಮಣ್ಣಿನಂಥ ಮುದ್ದೆ) ಶಾಂಪೂ ನೀರು ಹಾಕಿಕೊಂಡು ಹಗುರವಾಗಿ ಆಡಿಸಿ. ಕ್ಲೇ ಕೆಂಪಾದ ತಕ್ಷಣ ಮಡಚಿ ಹೊಸ ಮುಖ ಮಾಡಿಕೊಳ್ಳಿ. ನೆಲಕ್ಕೆ ಬಿತ್ತೋ, ಆ ತುಂಡು ಎಸೆಯಿರಿ.

ರಾಯಚೂರಿನ ಶಕ್ತಿನಗರದ ಸುತ್ತ ಇರುವವರಿಗೆ ಕೆಂಪು ಧೂಳಿನ ಬದಲು ಬೂದಿ ಕಾಟ. ಹಾರುಬೂದಿ ನೋಡಲು ಪೌಡರ್ ಥರ ನುಣುಪು, ಆದರೆ ಅದರಲ್ಲೂ ಸಿಲಿಕಾ ಇದೆ. ಒಣಬಟ್ಟೆಯಿಂದ ಒರೆಸಲೇಬೇಡಿ. ಕೊಪ್ಪಳದ ಗಿಣಿಗೇರಾ ಕಡೆಯವರಿಗೆ ಮತ್ತೆ ಕಬ್ಬಿಣದ ಧೂಳೇ.

ರೋಟರಿ ಮಷಿನ್ ಇದ್ದರೆ ಒಂದು ಥರ ಪ್ಯಾಡ್, ಡಿಎ ಇದ್ದರೆ ಇನ್ನೊಂದು ಥರವಾ?

ಹೌದು. ರೋಟರಿ ಒಂದೇ ಅಚ್ಚಿನ ಮೇಲೆ ಗರಗರ ತಿರುಗುತ್ತದೆ. ಬೇಗ ಕೊರೆಯುತ್ತದೆ, ಬೇಗ ಬಿಸಿಯಾಗುತ್ತದೆ, ಒಂದೇ ಕಡೆ ನಿಲ್ಲಿಸಿದರೆ ಬಣ್ಣವನ್ನೇ ಸುಡುತ್ತದೆ. ಉಣ್ಣೆ ಪ್ಯಾಡ್ ಮೊದಲಿಂದ ಇದರ ಜೋಡಿ. ಫೋಮನ್ನೂ ಹಾಕಬಹುದು, ಸ್ವಲ್ಪ ದಪ್ಪದ್ದು ಇರಲಿ.

ಡಿಎ ಅಂದರೆ ಡ್ಯುಯಲ್ ಆ್ಯಕ್ಷನ್. ಇದು ತಿರುಗುತ್ತಾ ಓಲಾಡುತ್ತದೆ. ಓಲಾಟದ ಅಗಲವನ್ನು ಥ್ರೋ ಅಂತಾರೆ. 8, 15, 21 ಮಿಲಿಮೀಟರಿನವು ಸಾಮಾನ್ಯವಾಗಿ ಸಿಗುತ್ತವೆ. ಡಿಎಗೆ ತೆಳು ಪ್ಯಾಡ್ ಒಳ್ಳೆಯದು, ಸುಮಾರು ಒಂದು ಇಂಚಿನ ಒಳಗೆ. ದಪ್ಪ ಫೋಮ್ ಹಾಕಿದರೆ ಓಲಾಟವನ್ನೆಲ್ಲ ಫೋಮೇ ನುಂಗಿಬಿಡುತ್ತದೆ, ಪೇಂಟಿಗೆ ತಲುಪುವುದಿಲ್ಲ. ಮೈಕ್ರೋಫೈಬರ್ ಕಟ್ಟಿಂಗ್ ಪ್ಯಾಡ್‌ಗಳು ಬಂದದ್ದೇ ಡಿಎಗಾಗಿ.

ಡಿಎ ಇರುವವರು ಒಂದು ಕೆಲಸ ಮಾಡಿ. ಬ್ಯಾಕಿಂಗ್ ಪ್ಲೇಟಿನ (ಪ್ಯಾಡ್ ಅಂಟಿಸುವ ಮಷಿನ್ನಿನ ತಟ್ಟೆ) ಅಂಚಿಗೆ ಮಾರ್ಕರ್‌ನಿಂದ ಒಂದು ಕಪ್ಪು ಗೆರೆ ಎಳೆಯಿರಿ. ಕೆಲಸ ಮಾಡುವಾಗ ಆ ಗೆರೆ ಸುತ್ತುತ್ತಿರುವುದು ಕಣ್ಣಿಗೆ ಕಾಣಬೇಕು. ಗೆರೆ ನಿಂತಲ್ಲೇ ನಡುಗುತ್ತಿದ್ದರೆ ಪ್ಯಾಡ್ ತಿರುಗುತ್ತಿಲ್ಲ ಅಂತ ಅರ್ಥ. ನೀವು ಜಾಸ್ತಿ ಒತ್ತುತ್ತಿದ್ದೀರಿ, ಇಲ್ಲವೇ ಪ್ಯಾಡ್ ಓರೆಯಾಗಿದೆ.

ಮೊದಲ ಸಲ ಕಲಿಯುವವರು ಡಿಎ ತೆಗೆದುಕೊಳ್ಳಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಡ್ರಿಲ್ ಮಷಿನ್‌ಗೆ ಸಿಕ್ಕಿಸುವ ಸ್ಪಂಜಿನ ಸೆಟ್ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತದಲ್ಲ?

ಹೆಡ್‌ಲೈಟ್ ಉಜ್ಜಲು ಆದೀತು. ಬಾನೆಟ್ ಮೇಲೆ ಬೇಡ. ಡ್ರಿಲ್ ಇರುವುದು ಮುಂದಕ್ಕೆ ತಳ್ಳಿ ತೂತು ಕೊರೆಯಲು. ಪಕ್ಕಕ್ಕೆ ಎಳೆದಾಡಿದರೆ ಬೇರಿಂಗ್ ಹೋಗುತ್ತದೆ. ಹಿಡಿತವೂ ಸರಿ ಸಿಗುವುದಿಲ್ಲ, ಪ್ಯಾಡ್ ಒಂದು ಕಡೆ ವಾಲಿ ಕಮಾನಿನಂಥ ಗುರುತು ಬಿಡುತ್ತದೆ.

ಉಣ್ಣೆ, ಮೈಕ್ರೋಫೈಬರ್, ಫೋಮ್: ಇವುಗಳಲ್ಲಿ ವ್ಯತ್ಯಾಸ ಏನು?

ಉಣ್ಣೆ ಎಲ್ಲಕ್ಕಿಂತ ಹೆಚ್ಚು ಕೊರೆಯುತ್ತದೆ. ಕುರಿ ಉಣ್ಣೆಯದ್ದೂ ಇದೆ, ಸಿಂಥೆಟಿಕ್ ಕೂಡ ಇದೆ. ಹುರಿ ಹೊಸೆದ ಎಳೆಯ ಪ್ಯಾಡ್ ಒರಟು, ಬಿಡಿ ಎಳೆಯದ್ದು ಮೆತ್ತಗೆ. ಎಳೆಗಳ ನಡುವೆ ಗಾಳಿ ಆಡುವುದರಿಂದ ಫೋಮಿನಷ್ಟು ಬಿಸಿ ಹಿಡಿಯುವುದಿಲ್ಲ, ಬೇಸಿಗೆಯಲ್ಲಿ ಇದೊಂದು ಅನುಕೂಲ. ಆದರೆ ಉಣ್ಣೆ ಹಾಕಿದ ಮೇಲೆ ಫೋಮ್‌ನಲ್ಲಿ ಇನ್ನೊಂದು ಸುತ್ತು ಆಗಲೇಬೇಕು. ಇಲ್ಲದಿದ್ದರೆ ಬಿಸಿಲಿಗೆ ನಿಲ್ಲಿಸಿದಾಗ ಪೇಂಟಿನೊಳಗೆ ನೆರಳು ಓಡಾಡಿದ ಹಾಗೆ ಹೊಲೊಗ್ರಾಮ್ ಕಾಣುತ್ತದೆ. ಟಿಂಕರಿಂಗ್ ಶೆಡ್ಡಿನಲ್ಲಿ ರಬ್ಬಿಂಗ್ ಮಾಡಿಸಿಕೊಂಡು ಬಂದ ಎಷ್ಟೋ ಕಾರುಗಳಲ್ಲಿ ಇದೇ ಕಥೆ. ಶೆಡ್ಡಿನೊಳಗೆ ಪಳಪಳ, ರಾಯಲ್ ಸರ್ಕಲ್ ದಾಟುವಷ್ಟರಲ್ಲಿ ಬಣ್ಣ ಬಯಲು.

ಮೈಕ್ರೋಫೈಬರ್ ಪ್ಯಾಡ್ ಕೊರೆತದಲ್ಲಿ ಉಣ್ಣೆಯ ಹತ್ತಿರ ಬರುತ್ತದೆ, ಮಬ್ಬು ಸ್ವಲ್ಪ ಕಡಿಮೆ. ಇದರ ಸಮಸ್ಯೆ ಬೇರೆ: ಸಣ್ಣ ಎಳೆಗಳು ಬೇಗ ಮೆತ್ತಿಕೊಂಡು ಗಂಟಾಗುತ್ತವೆ. ಧೂಳನ್ನು ಹಿಡಿಯುವುದರಲ್ಲೂ ಇದು ಗಟ್ಟಿಗ. ಹೊರಗೆ, ಕಾಂಪೌಂಡಿನೊಳಗೆ ಕೆಲಸ ಮಾಡುವವರಿಗೆ ನಾನು ಇದನ್ನು ಹೇಳುವುದೇ ಇಲ್ಲ.

ಫೋಮ್‌ನಲ್ಲಿ ಮೂರು ಮಟ್ಟ: ಕಟ್ಟಿಂಗ್, ಪಾಲಿಶಿಂಗ್, ಫಿನಿಶಿಂಗ್. ಗಟ್ಟಿ ಫೋಮ್ ಕೊರೆಯುತ್ತದೆ, ಮೆತ್ತನೆಯದು ಹೊಳಪು ಕೊಡುತ್ತದೆ. ಬೆರಳಿಂದ ಒತ್ತಿದರೇ ಗೊತ್ತಾಗುತ್ತದೆ. ಒತ್ತಿದ ಬೆರಳು ಸಲೀಸಾಗಿ ಒಳಗೆ ಹೋಗಿ ಗುಳಿ ಬಿದ್ದರೆ ಅದು ಫಿನಿಶಿಂಗ್. ಮನೆಯವರಿಗೆ ನಡುವಿನ ಪಾಲಿಶಿಂಗ್ ಫೋಮ್ ಒಂದಿದ್ದರೆ ಮುಕ್ಕಾಲು ಪಾಲು ಕೆಲಸ ಆದ ಹಾಗೆ.

ಹಳದಿ ಪ್ಯಾಡ್ ಕಟ್ಟಿಂಗ್‌ಗೆ, ಕಪ್ಪು ಫಿನಿಶಿಂಗ್‌ಗೆ ಅಂತಾರೆ. ನಿಜವಾ?

ಯಾವ ಕಂಪನಿಯ ಹಳದಿ? ಅಲ್ಲೇ ಗೊಂದಲ. ಬಣ್ಣಕ್ಕೆ ಎಲ್ಲರಿಗೂ ಒಪ್ಪಿಗೆಯಾದ ನಿಯಮ ಇಲ್ಲ. ರೂಪೆಸ್ ಕಂಪನಿಯ ಫೋಮ್‌ಗಳಲ್ಲಿ ನೀಲಿ ಒರಟು, ಹಸಿರು ಮಧ್ಯಮ, ಹಳದಿ ನುಣುಪು, ಬಿಳಿ ಇನ್ನೂ ನುಣುಪು. ಲೇಕ್ ಕಂಟ್ರಿಯ ಸಾಂಪ್ರದಾಯಿಕ ಫೋಮ್‌ನಲ್ಲಿ ಹಳದಿ ಅಂದರೆ ಕಟ್ಟಿಂಗ್, ಬಿಳಿ ಪಾಲಿಶಿಂಗ್, ಕಪ್ಪು ಫಿನಿಶಿಂಗ್. ಮೆಗ್ವಾಯರ್ಸ್‌ನಲ್ಲಿ ಹಳದಿ ಪಾಲಿಶಿಂಗ್‌ಗೆ. ಕೆಮಿಕಲ್ ಗೈಸ್‌ನ ಷಟ್ಕೋನ ಗೆರೆಯ ಪ್ಯಾಡ್‌ಗಳಲ್ಲಿ ಹಳದಿಯೇ ಎಲ್ಲಕ್ಕಿಂತ ಗಟ್ಟಿ.

ಅಂದರೆ ವಿಡಿಯೋದಲ್ಲಿ ಯಾರೋ ಹಳದಿ ಪ್ಯಾಡ್ ಹಾಕಿ ಕಪ್ಪು ಕಾರಿಗೆ ಕೊನೇ ಹೊಳಪು ಕೊಟ್ಟದ್ದನ್ನು ನೋಡಿ, ನೀವು ಬೇರೆ ಕಂಪನಿಯ ಹಳದಿ ತಂದು ಅದೇ ಮಾಡಿದರೆ ಮುಗೀತು. ಬಣ್ಣ ಬಿಟ್ಟು ಪೊಟ್ಟಣದ ಮೇಲೆ ಬರೆದಿರುವ ಕೆಲಸ ಓದಿ. ಹೆಸರಿಲ್ಲದ ಏಳು ಬಣ್ಣದ ಸೆಟ್‌ಗಳಲ್ಲಂತೂ ಬಣ್ಣ ಬೇರೆ, ಫೋಮ್ ಒಂದೇ ಇರುವುದೂ ಉಂಟು. ಎರಡನ್ನೂ ಒತ್ತಿ ನೋಡಿ.

ಯಾವ ಸೈಜಿನ ಪ್ಯಾಡ್ ತರಲಿ?

ಮಷಿನ್ನಿನ ಬ್ಯಾಕಿಂಗ್ ಪ್ಲೇಟಿಗಿಂತ ಪ್ಯಾಡ್ ಸುತ್ತಲೂ ಸ್ವಲ್ಪ ದೊಡ್ಡದಿರಬೇಕು. 5 ಇಂಚಿನ ಪ್ಲೇಟಿಗೆ 5.5 ಇಂಚಿನ ಪ್ಯಾಡ್ ಸರಿಹೋಗುತ್ತದೆ. ಪ್ಲೇಟಿನ ಅಂಚು ಹೊರಗೆ ಕಂಡರೆ ಕನ್ನಡಿಗೋ ಬಾಗಿಲ ಹಿಡಿಗೋ ತಾಗಿ ಗಾಯ ಮಾಡುತ್ತದೆ. ಪ್ಯಾಡನ್ನು ಪ್ಲೇಟಿನ ನಡುವೆ ಸರಿಯಾಗಿ ಕೂರಿಸಿ. ಸ್ವಲ್ಪ ಪಕ್ಕಕ್ಕೆ ಹೋದರೂ ಮಷಿನ್ ಕೈಯಲ್ಲಿ ಕುಣಿಯುತ್ತದೆ.

ಸೆಡಾನ್, ಎಸ್‌ಯುವಿ ಯಾವುದಾದರೂ ದೊಡ್ಡ ಭಾಗಗಳಿಗೆ 5.5 ಸಾಕು. ಬಾಗಿಲ ನಡುವಿನ ಕಂಬ, ಬಂಪರಿನ ಮೂಲೆ, ಫಾಗ್ ಲೈಟಿನ ಸುತ್ತ 3 ಇಂಚಿನದು ಬೇಕು. ಅದಕ್ಕೆ ಸರಿಯಾದ ಸಣ್ಣ ಪ್ಲೇಟೂ ಬೇಕಾಗುತ್ತದೆ. ತರುವ ಮುಂಚೆ ಥ್ರೆಡ್ ನೋಡಿಕೊಳ್ಳಿ: ರೋಟರಿಗಳಲ್ಲಿ ಎಂ14 ಸಾಮಾನ್ಯ, ಹಲವು ಡಿಎಗಳಲ್ಲಿ 5/16 ಇಂಚು. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ.

ನನ್ನ ಕಾರಿಗೆ ಯಾವ ಪ್ಯಾಡ್ ಬೇಕು ಅಂತ ಹೇಗೆ ತಿಳಿಯೋದು?

ಕೇಳಿ ತಿಳಿಯುವುದಲ್ಲ, ಮಾಡಿ ನೋಡುವುದು. ಬಾನೆಟ್ ಮೇಲೆ ಒಂದೂವರೆ ಅಡಿ ಚೌಕಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ. ಮೊದಲು ಮೆತ್ತನೆ ಫಿನಿಶಿಂಗ್ ಪ್ಯಾಡ್, ಹಗುರ ಪಾಲಿಶ್. ಅಡ್ಡ ಉದ್ದ ನಾಲ್ಕು ಸುತ್ತು ಆಡಿಸಿ ಒರೆಸಿ. ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ ನೀರು ಬೆರೆಸಿ ಇನ್ನೊಮ್ಮೆ ಒರೆಸಿ. ಪಾಲಿಶಿನ ಎಣ್ಣೆ ಗೀರಿನೊಳಗೆ ಕೂತು ಗೀರು ಹೋದ ಹಾಗೆ ಮೋಸ ಮಾಡುತ್ತದೆ, ಅದಕ್ಕೇ ಇದು. ಈಗ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ಟೇಪಿನ ಒಳಗೆ, ಹೊರಗೆ ನೋಡಿ.

ಸಾಲದು ಅನ್ನಿಸಿದರೆ ಪಾಲಿಶ್ ಅದೇ ಇರಲಿ, ಪ್ಯಾಡ್ ಒಂದು ಮೆಟ್ಟಿಲು ಗಟ್ಟಿ ಮಾಡಿ. ಆಗಲೂ ಸಾಲದಿದ್ದರೆ ಪಾಲಿಶನ್ನೂ ಏರಿಸಿ. ಎರಡನ್ನೂ ಒಟ್ಟಿಗೆ ಏರಿಸಿದರೆ ಯಾವುದರಿಂದ ಕೆಲಸ ಆಯಿತು ಅಂತಲೇ ತಿಳಿಯುವುದಿಲ್ಲ. ಸಿಕ್ಕ ಜೋಡಿಯಲ್ಲೇ ಇಡೀ ಕಾರು ಮುಗಿಸಿ.

ಉಗುರಿಗೆ ಸಿಕ್ಕುವ ಗೀರನ್ನು ಮಾತ್ರ ಪ್ಯಾಡಿನಿಂದ ತೆಗೆಯಲು ಹೋಗಬೇಡಿ. ಬಳ್ಳಾರಿ ಜೀನ್ಸ್ ಹಾಕಿಕೊಂಡು ಬಾನೆಟ್‌ಗೆ ಒರಗಿ ಹರಟುವುದು ನಮ್ಮೂರಿನ ಅಭ್ಯಾಸ ಅಲ್ವಾ? ಆ ತಾಮ್ರದ ರಿವಿಟ್ ಬಿಡುವ ಗೀರು ಇಂಥದ್ದೇ. ಅಂಚು ಸ್ವಲ್ಪ ನುಣುಪಾಗುವವರೆಗೆ ಮಾಡಿ ಬಿಟ್ಟುಬಿಡಿ.

ಕಪ್ಪು ಕಾರು. ಎಷ್ಟು ಮಾಡಿದರೂ ಜೇಡರ ಬಲೆ ಥರ ಗೀರು ಕಾಣುತ್ತದೆ.

ಕೊನೆಯ ಸುತ್ತಿಗೆ ಹೊಸ ಫಿನಿಶಿಂಗ್ ಫೋಮ್ ಹಾಕಿ. ಹಳೇ ಕಟ್ಟಿಂಗ್ ಪ್ಯಾಡ್ ತೊಳೆದು ಬಳಸುವುದಲ್ಲ. ಸ್ಪೀಡ್ ಇಳಿಸಿ, ಒತ್ತಡ ಬಿಡಿ, ಮಷಿನ್ನಿನ ಭಾರವೇ ಸಾಕು. ಆಮೇಲೂ ಗೀರು ಬಂದರೆ ನಿಮ್ಮ ಒರೆಸುವ ಬಟ್ಟೆ ನೋಡಿ. ಎಷ್ಟೋ ಜನ ಒಳ್ಳೆ ಪ್ಯಾಡಿಗೆ ದುಡ್ಡು ಸುರಿದು ಬನಿಯನ್ ವೇಸ್ಟಿನಲ್ಲಿ ಒರೆಸುತ್ತಾರೆ. 300–400 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆಯ ಗ್ರಾಂ ತೂಕ) ಮೈಕ್ರೋಫೈಬರ್ ಬಟ್ಟೆ, ಅಂಚಿನ ಹೊಲಿಗೆ ಒರಟಿಲ್ಲದ್ದು ಬಳಸಿ.

ಅಪ್ಪನ ಕಾಲದ ಬಿಳಿ ಮಾರುತಿ ಇದೆ. ಪ್ಯಾಡ್ ಪೂರ್ತಿ ಬಿಳಿಯಾಗುತ್ತಿದೆ!

ಹೆದರಬೇಡಿ. ಹಳೇ ಕಾರುಗಳ ಸಾದಾ ಬಣ್ಣದ ಮೇಲೆ ಕ್ಲಿಯರ್ ಕೋಟ್ ಇಲ್ಲದಿರಬಹುದು. ಆಗ ಪ್ಯಾಡಿಗೆ ಬಣ್ಣವೇ ಹತ್ತುತ್ತದೆ. ಬಿಳಿ ಪಾಲಿಶ್, ಬಿಳಿ ಪೇಂಟ್ ಆದರೆ ಗೊತ್ತಾಗುವುದಿಲ್ಲ. ಕಪ್ಪು ಬಟ್ಟೆಗೆ ಬೇರೆ ಬಣ್ಣದ ಪಾಲಿಶ್ ಹಚ್ಚಿ ಮೂಲೆಯಲ್ಲಿ ಉಜ್ಜಿ ನೋಡಿ. ಇಂಥ ಪೇಂಟ್ ಬಿಸಿಲಿಗೆ ಒಣಗಿ ಸುಣ್ಣದಂತಾಗಿರುತ್ತದೆ. ನಡುವಿನ ಫೋಮ್ ಸಾಕು, ಆದರೆ ಪ್ಯಾಡ್ ಬೇಗ ತುಂಬುತ್ತದೆ. ಪ್ರತಿ ಬಾಗಿಲಿಗೊಮ್ಮೆ ಬದಲಿಸಿ. ಉಣ್ಣೆ ಹಾಕಿದರೆ ಅಂಚಿನಲ್ಲಿ ಪ್ರೈಮರ್ ಕಾಣಿಸಿಕೊಂಡೀತು.

ಒಂದು ಕಾರಿಗೆ ಎಷ್ಟು ಪ್ಯಾಡ್ ಬೇಕು?

ಜನ ಒಂದೇ ಪ್ಯಾಡ್ ತರುತ್ತಾರೆ, ಅದೂ ದುಬಾರಿಯದ್ದು. ನಾನು ಹೇಳುವುದು ಉಲ್ಟಾ. ಮಧ್ಯಮ ಬೆಲೆಯ ಪಾಲಿಶಿಂಗ್ ಫೋಮ್ ನಾಲ್ಕು, ಫಿನಿಶಿಂಗ್ ಎರಡು, ವ್ಯಾಕ್ಸಿಗೆ ಬೇರೆ ಒಂದು. ಗೀರು ಜಾಸ್ತಿ ಇದ್ದರೆ ಕಟ್ಟಿಂಗ್ ಎರಡು ಸೇರಿಸಿ.

ಯಾಕೆ ಇಷ್ಟು? ಫೋಮಿನ ತೂತುಗಳಲ್ಲಿ ಹಳೇ ಪಾಲಿಶ್, ಸವೆದ ಕ್ಲಿಯರ್ ಕೋಟ್ ತುಂಬಿಕೊಳ್ಳುತ್ತದೆ. ತುಂಬಿದ ಪ್ಯಾಡ್ ಕೊರೆಯುವುದಿಲ್ಲ, ಸುಮ್ನೆ ಬಿಸಿಯಾಗುತ್ತದೆ. ಅದರ ಮೇಲೆ ನಮ್ಮ ಗಾಳಿಯಲ್ಲಿ ಹಾರುವ ಧೂಳು. ಒಂದೇ ಪ್ಯಾಡಿನಲ್ಲಿ ಇಡೀ ಕಾರು ಮಾಡಿದರೆ ಬಾನೆಟ್ ಚೆನ್ನಾಗಿ ಬರುತ್ತದೆ, ಡಿಕ್ಕಿ ಹೊತ್ತಿಗೆ ಮಬ್ಬು. ಒಂದೆರಡು ಪ್ಯಾನಲ್‌ಗೊಮ್ಮೆ ಪ್ಯಾಡ್ ಬದಲಿಸುವವನ ಕೆಲಸ ಬೇರೆಯೇ ಕಾಣುತ್ತದೆ. ಬ್ರ್ಯಾಂಡ್ ಹೆಸರಿಗೆ ಕೊಡುವ ದುಡ್ಡನ್ನು ಎರಡು ಪ್ಯಾಡ್ ಹೆಚ್ಚಿಗೆ ತರಲು ಬಳಸಿ.

ಪ್ಯಾಡಿಗೆ ಎಷ್ಟು ಪಾಲಿಶ್ ಹಾಕಬೇಕು?

ಹೊಸ ಪ್ಯಾಡಾದರೆ ಮೊದಲ ಸಲ ಮುಖಕ್ಕೆಲ್ಲ ತೆಳುವಾಗಿ ಬೆರಳಲ್ಲಿ ಸವರಿ. ಒಣ ಜಾಗ ಉಳಿದರೆ ಅಲ್ಲಿ ಗೀರು ಬೀಳುತ್ತದೆ. ಆಮೇಲೆ ಪ್ರತಿ ಎರಡು ಅಡಿ ಚೌಕಕ್ಕೆ ಕಡಲೆ ಗಾತ್ರದ ನಾಲ್ಕು ಹನಿ ಸಾಕು. ಮಷಿನ್ ಆನ್ ಮಾಡುವ ಮುಂಚೆ ಪ್ಯಾಡನ್ನು ಪೇಂಟಿಗೆ ಒತ್ತಿ ಅಲ್ಲಲ್ಲಿ ಹಚ್ಚಿ, ಇಲ್ಲದಿದ್ದರೆ ಗೋಡೆ, ಗಾಜು, ನಿಮ್ಮ ಅಂಗಿ ಎಲ್ಲಕ್ಕೂ ಪಾಲಿಶ್. ಡಿಎಯಲ್ಲಿ ಹರಡಲು ಸ್ಪೀಡ್ 2, ಕೆಲಸಕ್ಕೆ 4ರಿಂದ 5. ರೋಟರಿಯಲ್ಲಿ ಹರಡಲು 600 ಆರ್‌ಪಿಎಂ, ಕೆಲಸಕ್ಕೆ 1000ದಿಂದ 1500. ಅದಕ್ಕಿಂತ ಮೇಲೆ ಹೋಗುವ ಅಗತ್ಯ ಕಡಿಮೆ.

ಬೇಸಿಗೆಯಲ್ಲಿ ಪಾಲಿಶ್ ಕೂಡಲೇ ಒಣಗಿ ಪುಡಿ ಆಗುತ್ತದೆ. ಪ್ಯಾಡ್ ಬದಲಿಸಬೇಕಾ?

ಮೊದಲು ಸಮಯ ಬದಲಿಸಿ. ಮಾರ್ಚಿಯಿಂದ ಮೇವರೆಗೆ ಬೆಳಗ್ಗೆ 9ರೊಳಗೆ ಮುಗಿಸಿ, ಇಲ್ಲವೇ ಹೊತ್ತು ಮುಳುಗಿದ ಮೇಲೆ ಶುರು ಮಾಡಿ. ಬಾನೆಟ್ ಮೇಲೆ ಅಂಗೈ ಇಟ್ಟು ಸುಮ್ನೆ ನಿಲ್ಲಲು ಆಗದಿದ್ದರೆ ಅದು ಪಾಲಿಶ್ ಮಾಡುವ ಕಾರಲ್ಲ. ನೆರಳಿಗೆ ತಂದ ತಕ್ಷಣವೂ ಬೇಡ, ತಗಡು ತಣ್ಣಗಾಗಲಿ. ತಣ್ಣೀರು ಸುರಿದು ತಣಿಸಲು ಹೋಗಬೇಡಿ. ನಮ್ಮ ಬೋರ್ ನೀರು ಅಲ್ಲೇ ಆವಿಯಾಗಿ ಬಿಳಿ ಕಲೆ ಬಿಡುತ್ತದೆ, ಅದನ್ನು ತೆಗೆಯಲು ಮತ್ತೆ ಪಾಲಿಶ್.

ಪ್ಯಾಡ್ ವಿಷಯಕ್ಕೆ ಬಂದರೆ ನಡುವೆ ತೂತಿರುವ ಫೋಮ್ ಆರಿಸಿ. ಬಿಸಿ ಹೆಚ್ಚು ಕೂಡುವುದು ಪ್ಯಾಡಿನ ನಡುಮಧ್ಯದಲ್ಲಿ. ಅಲ್ಲೇ ಅಂಟು ಕರಗಿ ವೆಲ್ಕ್ರೋ ಬಿಟ್ಟುಕೊಳ್ಳುತ್ತದೆ, ಪ್ಯಾಡ್ ಹಾರಿಹೋಗುತ್ತದೆ. ಎರಡು ಪ್ಯಾಡ್ ಇಟ್ಟುಕೊಂಡು ಒಂದನ್ನು ತಣ್ಣಗಾಗಲು ಬಿಟ್ಟು ಇನ್ನೊಂದರಲ್ಲಿ ಕೆಲಸ ಮಾಡಿ.

ಕೆಲಸ ಮಾಡುವ ಜಾಗ ಹೇಗಿರಬೇಕು?

ಶಟರ್ ಅರ್ಧ ಎಳೆದ ಶೆಡ್, ನೆಲಕ್ಕೆ ನೀರು ಚಿಮುಕಿಸಿ. ಫ್ಯಾನ್ ಕಾರಿನ ಕಡೆ ತಿರುಗಿಸಬೇಡಿ. ರಾಷ್ಟ್ರೀಯ ಹೆದ್ದಾರಿ 67ರ ಬದಿಯಲ್ಲಿ ಅಂಗಡಿ ಇಟ್ಟವರಿಗೆ ಅದಿರಿನ ಲಾರಿಗಳು ಹೋಗುವಾಗ ಏನಾಗುತ್ತದೆ ಅಂತ ನಾನು ಹೇಳಬೇಕಿಲ್ಲ. ಅಂಥವರು ಒಂದು ದಪ್ಪ ಪರದೆ ಹಾಕಿಸಿ.

ಪ್ಯಾಡ್ ಕೈ ಜಾರಿ ನೆಲಕ್ಕೆ ಬಿತ್ತು. ಕೊಡವಿ ಬಳಸಬಹುದಾ?

ಇಲ್ಲ. ಅವತ್ತಿಗೆ ಅದರ ಕೆಲಸ ಮುಗಿಯಿತು. ತೊಳೆದು ಒಣಗಿಸಿ ಬೆಳಕಿನಲ್ಲಿ ನೋಡಿ. ಮುಖದಲ್ಲಿ ಒಂದು ಕೆಂಪು ಕಣ ಕಂಡರೂ ಅದನ್ನು ಟೈರ್ ಡ್ರೆಸಿಂಗ್ ಹಚ್ಚಲು ಇಟ್ಟುಕೊಳ್ಳಿ.

ಬಂಪರ್, ಅಂಚುಗಳಲ್ಲಿ ಏನು ಎಚ್ಚರ?

ಅಂಚಿನಲ್ಲಿ ಪೇಂಟ್ ತೆಳು. ಬಾನೆಟ್ಟಿನ ಏಣು, ಬಾಗಿಲ ಗೆರೆ ಇವುಗಳ ಮೇಲೆ ತೆಳು ಟೇಪ್ ಹಾಕಿ, ಕೊನೆಗೆ ಟೇಪ್ ತೆಗೆದು ಕೈಯಲ್ಲಿ ಒಂದು ಸಲ ಆಡಿಸಿ. ಬಂಪರ್ ಪ್ಲಾಸ್ಟಿಕ್, ತಗಡಿನ ಹಾಗೆ ಬಿಸಿಯನ್ನು ಹರಡುವುದಿಲ್ಲ, ಒಂದೇ ಕಡೆ ಹಿಡಿದಿಡುತ್ತದೆ. ರೋಟರಿ, ಉಣ್ಣೆ ಅಲ್ಲಿಗೆ ಬೇಡವೇ ಬೇಡ. ಸಣ್ಣ ಫೋಮ್, ಕಡಿಮೆ ಸ್ಪೀಡ್. ಕಪ್ಪು ಪ್ಲಾಸ್ಟಿಕ್ ಪಟ್ಟಿಗಳಿಗೂ ಟೇಪ್ ಹಾಕಿ, ಅದರ ಮೇಲೆ ಕೂತ ಪಾಲಿಶಿನ ಬಿಳಿ ಸುಲಭಕ್ಕೆ ಹೋಗುವುದಿಲ್ಲ.

ವ್ಯಾಕ್ಸ್ ಹಾಕಲು ಯಾವ ಪ್ಯಾಡ್? ಮಷಿನ್ ಬೇಕೇ ಬೇಕಾ?

ಎಲ್ಲಕ್ಕಿಂತ ಮೆತ್ತನೆಯ ಫಿನಿಶಿಂಗ್ ಫೋಮ್. ವ್ಯಾಕ್ಸ್ ಏನನ್ನೂ ಸವೆಸಬೇಕಿಲ್ಲ, ತೆಳುವಾಗಿ ಹರಡಿದರೆ ಸಾಕು. ಡಿಎ ಸ್ಪೀಡ್ 2 ಅಥವಾ 3, ಒತ್ತಡವೇ ಬೇಡ. ಲಿಕ್ವಿಡ್ ವ್ಯಾಕ್ಸ್, ಸೀಲಂಟ್‌ಗೆ (ವ್ಯಾಕ್ಸಿನ ಬದಲು ಹಚ್ಚುವ ಸಿಂಥೆಟಿಕ್ ಲೇಪ) ಮಷಿನ್ ಚೆನ್ನಾಗಿ ಹೊಂದುತ್ತದೆ. ಡಬ್ಬಿಯಲ್ಲಿ ಬರುವ ಗಟ್ಟಿ ವ್ಯಾಕ್ಸಿಗೆ ಕೈ ಅಪ್ಲಿಕೇಟರೇ ಸುಲಭ. ಯಾವುದರಲ್ಲಿ ಹಾಕಿದರೂ ಹೊಳಪಿನಲ್ಲಿ ವ್ಯತ್ಯಾಸ ಇಲ್ಲ, ಮಷಿನ್ನಿನಲ್ಲಿ ಪದರ ಸಮ ಬರುತ್ತದೆ, ವ್ಯಾಕ್ಸ್ ಕಡಿಮೆ ಖರ್ಚಾಗುತ್ತದೆ. ರೋಟರಿಯಲ್ಲಿ ಮಾತ್ರ ಹಾಕಬೇಡಿ.

ಪಾಲಿಶ್ ಮಾಡಿದ ಪ್ಯಾಡಿನಲ್ಲಿ ವ್ಯಾಕ್ಸ್ ಹಾಕುವುದು ದೊಡ್ಡ ತಪ್ಪು. ಎಷ್ಟೇ ತೊಳೆದರೂ ಒಳಗೆ ಪಾಲಿಶಿನ ಕಣ ಇರುತ್ತದೆ. ವ್ಯಾಕ್ಸ್ ಪ್ಯಾಡಿನ ಹಿಂಭಾಗದಲ್ಲಿ ಮಾರ್ಕರ್‌ನಲ್ಲಿ ‘ವ್ಯಾಕ್ಸ್’ ಅಂತ ಬರೆದು ಬೇರೆ ಡಬ್ಬಿಯಲ್ಲಿ ಇಡಿ.

ಕಾರ್ನೌಬಾ ವ್ಯಾಕ್ಸ್ ಬ್ರೆಜಿಲಿನ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುತ್ತದೆ. ಶುದ್ಧ ಕಾರ್ನೌಬಾ 82ರಿಂದ 86 ಡಿಗ್ರಿಯಲ್ಲಿ ಕರಗುತ್ತದೆ. ಡಬ್ಬಿಯಲ್ಲಿರುವುದರಲ್ಲಿ ಎಣ್ಣೆ ಬೆರೆತಿರುವುದರಿಂದ ಅದಕ್ಕೂ ಮುಂಚೆ ಮೆತ್ತಗಾಗುತ್ತದೆ. ದಿನವಿಡೀ ಬಯಲಲ್ಲಿ ನಿಲ್ಲುವ ಕಾರಿಗೆ ನಮ್ಮ ಬೇಸಿಗೆಯಲ್ಲಿ ಸಿಂಥೆಟಿಕ್ ಸೀಲಂಟೇ ಹೆಚ್ಚು ಬಾಳುತ್ತದೆ. ದಪ್ಪ ಪದರ ಹಚ್ಚಿದರೆ ಹೆಚ್ಚು ಬಾಳುತ್ತದೆ ಅನ್ನುವುದು ಸುಳ್ಳು. ದಪ್ಪಗೆ ಹಚ್ಚಿದರೆ ಒರೆಸಲು ಕೈ ನೋವು, ಉಳಿದ ಅಂಟಿಗೆ ಧೂಳು.

ವ್ಯಾಕ್ಸ್ ತೆಗೆಯಲೂ ಮಷಿನ್‌ಗೆ ಬಟ್ಟೆಯ ಟೊಪ್ಪಿ ಹಾಕುತ್ತಾರಲ್ಲ?

ಕೈಯಲ್ಲೇ ಒರೆಸಿ. ಟೊಪ್ಪಿಯ ಮಡಿಕೆಯಲ್ಲಿ ಒಂದು ಕಣ ಸಿಕ್ಕಿಕೊಂಡರೂ ನಿಮಗೆ ತಿಳಿಯುವುದಿಲ್ಲ. ಕೈಯಲ್ಲಿ ಬಟ್ಟೆ ಇದ್ದರೆ ಗರಗರ ಅಂದ ಕೂಡಲೇ ನಿಲ್ಲಿಸಬಹುದು.

ಆಯುಧ ಪೂಜೆಗೆ ಹಚ್ಚಿದ ಅರಿಸಿನ, ಕುಂಕುಮದ ಕಲೆ ಯಾವ ಪ್ಯಾಡಿಗೆ ಹೋಗುತ್ತದೆ?

ಹಬ್ಬದ ಮರುದಿನವೇ ತೊಳೆದರೆ ಪ್ಯಾಡೇ ಬೇಕಿಲ್ಲ. ವಾರಗಟ್ಟಲೆ ಬಿಸಿಲಲ್ಲಿ ಬೆಂದಿದ್ದರೆ ನಡುವಿನ ಫೋಮ್, ಹಗುರ ಪಾಲಿಶ್. ಹಬ್ಬಕ್ಕೆ ಮುಂಚೆ ವ್ಯಾಕ್ಸ್ ಹಾಕಿಟ್ಟರೆ ಕಲೆ ಒಳಗಿಳಿಯುವುದು ಕಡಿಮೆ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಗ, ಮುಂದೆ ಕುಂಬಳಕಾಯಿ ಒಡೆದಾಗ ರಸ ಬಂಪರಿಗೆ ಸಿಡಿಯುತ್ತದೆ. ನಿಂಬೆ ರಸ ಆಮ್ಲ, ಅವತ್ತೇ ನೀರು ಹಾಕಿ.

ಪ್ಯಾಡ್ ತೊಳೆಯೋದು ಹೇಗೆ?

ಕೆಲಸದ ನಡುವೆ: ಫೋಮ್‌ಗೆ ಮೆತ್ತನೆ ನೈಲಾನ್ ಬ್ರಶ್, ಉಣ್ಣೆಗೆ ಮುಳ್ಳಿನ ಚಕ್ರದಂಥ ಸ್ಪರ್, ಮೈಕ್ರೋಫೈಬರ್‌ಗೆ ಕಂಪ್ರೆಸರ್ ಗಾಳಿ. ಕಂಪ್ರೆಸರ್ ಇದ್ದರೆ ಮೂರಕ್ಕೂ ಅದೇ ಉತ್ತಮ. ಕಾರಿನಿಂದ ದೂರ ನಿಂತು ಊದಿ.

ಕೆಲಸ ಮುಗಿದ ಮೇಲೆ ಒಣಗಲು ಬಿಡದೆ ಉಗುರುಬೆಚ್ಚಗಿನ ನೀರಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಒತ್ತಿ ಒತ್ತಿ ತೊಳೆಯಿರಿ. ಹಿಂಡಿ ತಿರುಚಬೇಡಿ, ಎರಡು ಅಂಗೈ ನಡುವೆ ಒತ್ತಿ. ಕುದಿಯುವ ನೀರು ಬೇಡ, ಅಂಟು ಬಿಡುತ್ತದೆ. ಫೋಮ್ ಮುಖ ಕೆಳಗೆ ಮಾಡಿ ನೆರಳಲ್ಲಿ ಒಣಗಿಸಿ. ಮಾಳಿಗೆ ಮೇಲಿನ ಬಿಸಿಲಲ್ಲಿ ಒಂದು ಗಂಟೆಯಲ್ಲಿ ಒಣಗುತ್ತದೆ ನಿಜ, ಫೋಮ್ ಕೂಡ ಒಂದು ಬೇಸಿಗೆಯಲ್ಲೇ ಹಪ್ಪಳ.

ಕೊನೇ ಸಲ ಜಾಲಿಸಲು ಬೋರ್ ನೀರಿಗಿಂತ ನಲ್ಲಿ ನೀರು ಒಳ್ಳೆಯದು. ಆರ್‌ಒ ಮಷಿನ್ನಿನಿಂದ ಹೊರಗೆ ಹೋಗುವ ನೀರನ್ನು ಕೆಲವರು ಉಳಿತಾಯ ಅಂತ ಬಳಸುತ್ತಾರೆ. ಅದರಲ್ಲಿ ಲವಣ ಬೋರ್ ನೀರಿಗಿಂತಲೂ ಜಾಸ್ತಿ. ಗಿಡಕ್ಕೂ ಅದು ಅಷ್ಟಕ್ಕಷ್ಟೇ.

ಯಾವಾಗ ಎಸೆಯಬೇಕು?

ಫೋಮ್ ಹರಿದರೆ, ವೆಲ್ಕ್ರೋ ಬಿಟ್ಟರೆ, ಒತ್ತಿದ ಜಾಗ ಮೇಲೇಳದಿದ್ದರೆ, ತೊಳೆದು ಒಣಗಿದ ಮೇಲೂ ಮುಖ ಗಟ್ಟಿಯಾಗಿದ್ದರೆ. ಉಣ್ಣೆಯ ಎಳೆ ಗಂಟಾಗಿ ಬಿಡಿಸಲಾಗದಿದ್ದರೂ ಅಷ್ಟೇ.

ಸೆರಾಮಿಕ್ ಕೋಟಿಂಗ್, ಪಿಪಿಎಫ್, ಮ್ಯಾಟ್ ಪೇಂಟ್ ಇದ್ದರೆ?

ಸೆರಾಮಿಕ್ ಮೇಲೆ ಪಾಲಿಶ್ ಮಾಡಿದರೆ ಕೋಟಿಂಗೇ ಹೋಗುತ್ತದೆ. ಪಿಪಿಎಫ್ (ಪೇಂಟಿನ ಮೇಲೆ ಅಂಟಿಸುವ ಪಾರದರ್ಶಕ ರಕ್ಷಣಾ ಹಾಳೆ) ಮೇಲೆ ಬೇಕಾದರೆ ಫಿನಿಶಿಂಗ್ ಫೋಮ್, ತೀರಾ ಹಗುರವಾಗಿ, ಅಂಚು ಬಿಟ್ಟು. ಮ್ಯಾಟ್ ಪೇಂಟಿಗೆ ಯಾವ ಪ್ಯಾಡೂ ಬೇಡ. ಉಜ್ಜಿದಲ್ಲಿ ಮಾತ್ರ ಹೊಳೆದು, ಇಡೀ ಪ್ಯಾನಲ್ ಪೇಂಟ್ ಮಾಡಿಸಬೇಕಾಗುತ್ತದೆ.

ಇಷ್ಟೆಲ್ಲ ನನ್ನಿಂದಾಗದು. ಅಂಗಡಿಗೆ ಕೊಟ್ಟರೆ ಏನು ಕೇಳಬೇಕು?

‘ಅಣ್ಣಾ, ನನ್ನ ಕಾರಿಗೆ ಹಾಕೋ ಪ್ಯಾಡ್ ಒಂದ್ಸಲ ತೋರಿಸ್ತೀರಾ?’ ಅಂತ ಕೇಳಿ. ಯಾವ ಪಾಲಿಶ್ ಅಂತ ಕೇಳಿದರೆ ಎಲ್ಲರೂ ದೊಡ್ಡ ಹೆಸರು ಹೇಳುತ್ತಾರೆ. ಪ್ಯಾಡ್ ಕೇಳಿದರೆ ಮಷಿನ್ನಿಗೆ ಅಂಟಿಕೊಂಡೇ ಇರುವ, ನಿನ್ನೆಯ ರಬ್ಬಿಂಗ್ ಕಾಂಪೌಂಡ್ (ಒರಟು ಪಾಲಿಶ್) ಒಣಗಿ ಕಲ್ಲಾದ ಒಂದೇ ಒಂದು ಉಣ್ಣೆ ಪ್ಯಾಡ್ ಹೊರಬರಬಹುದು. ಆಗ ವಾಷ್ ಮಾತ್ರ ಮಾಡಿಸಿಕೊಂಡು ಬನ್ನಿ. ಡಬ್ಬಿ ತೆರೆದು ತೊಳೆದ ಪ್ಯಾಡ್‌ಗಳನ್ನು ತೋರಿಸಿದರೆ, ಮೊದಲು ಬಾನೆಟ್ಟಿನ ಒಂದು ಮೂಲೆ ಮಾಡಿ ತೋರಿಸಲು ಹೇಳಿ. ಕಾರು ವಾಪಸ್ ಪಡೆಯುವಾಗ ಶೆಡ್ಡಿನ ಟ್ಯೂಬ್‌ಲೈಟ್ ಕೆಳಗೆ ನೋಡಿ ದುಡ್ಡು ಕೊಡಬೇಡಿ, ಬಿಸಿಲಿಗೆ ತಂದು ಒಂದು ಸುತ್ತು ಹಾಕಿ ನೋಡಿ.